ಕ್ಲಚ್ಚಿಗೊಂದು ಸಮಜಾಯಿಷಿ

ಇನ್ನೊಬ್ಬರ ತಪ್ಪನ್ನು ಎದುರಿಗೆ ನಿಂತು ಹೇಳುವ ಧೈರ್ಯ ನನಗೆ ಎಂದೂ ಬಂದಿಲ್ಲ. ಹಾಲಿನವನು ನೀರು ಬೆರೆಸಿದರೆ ಅವನ ಮುಖ ನೋಡಿ ನಗುತ್ತೇನೆ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ಕ್ಷಮೆ ಕೇಳುತ್ತೇನೆ. ಆದರೆ ನನ್ನ ಕೈಗೆ ಒಂದು ಬಿಳಿ ಹಾಳೆ ಕೊಟ್ಟು, ಅದರ ತಲೆಯ ಮೇಲೆ ವಿಷಯ, ಉಲ್ಲೇಖ ಅಂತ ಎರಡು ಸಾಲು ಬರೆಸಿ ನೋಡಿ. ನಾನು ಬೇರೆಯೇ ಮನುಷ್ಯ. ಕಾರಣ ಕೇಳುವ ನೋಟೀಸು ಬರೆಯುವುದರಲ್ಲಿ, ಅದಕ್ಕೆ ಬಂದ ಸಮಜಾಯಿಷಿಯನ್ನು ಚಿಂದಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಇಲಾಖೆಯಲ್ಲೇ ಇರಲಿಲ್ಲ. ಬೇರೆ ಯಾರೂ ಹೇಳದ ಕಾರಣ ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಈ ಚಟ ಮನೆಗೂ ಬಂದಿತ್ತು ಎಂದು ನಮ್ಮಾಕೆ ಹೇಳುತ್ತಾಳೆ. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಗಿದ್ದಾಗ ನಾನು, ಇದು ಯಾವ ಸಂದರ್ಭದಲ್ಲಿ ಆಯಿತು ಎಂದು ಕೇಳಿದೆನಂತೆ. “ಎರಡು ಸಲ ಹಾಕಿದ ಸಂದರ್ಭದಾಗ ಆತು, ಸುಮ್ನ ಉಣ್ರಿ” ಅಂದಳಂತೆ ಆಕೆ. ನನಗೆ ನೆನಪಿಲ್ಲ. ಆದರೆ ಆಕೆ ಸುಳ್ಳು ಹೇಳುವವಳಲ್ಲ.

ನಾನು ಹೇಳಹೊರಟದ್ದು ನಡೆದದ್ದು ಬರೋಡದಲ್ಲಿ, ಅರವತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಧಾರವಾಡದಿಂದ ವರ್ಗವಾಗಿ ಅಲ್ಲಿಯ ಒಂದು ಸರ್ಕಾರಿ ಬೀಜದ ಫಾರ್ಮಿಗೆ ಹೆಡ್ ಕ್ಲರ್ಕ್ ಆಗಿ ಹೋಗಿದ್ದೆ. ಮಂಜಲ್‌ಪುರ ದಾಟಿ ಮಕರಪುರದ ಕಡೆ ಹೋಗುವ ದಾರಿ. ಒಂದು ಪಕ್ಕ ಹೊಸದಾಗಿ ಏಳುತ್ತಿದ್ದ ಕಾರ್ಖಾನೆಯ ಶೆಡ್ಡುಗಳು, ಇನ್ನೊಂದು ಪಕ್ಕ ನಮ್ಮ ಹತ್ತಿ, ಔಡಲ, ಸಜ್ಜೆ. ಸೂಪರಿಂಟೆಂಡೆಂಟರ ಹೆಸರು ದೇಸಾಯಿ ಎಂದು ಆರ್ಡರಿನಲ್ಲಿ ಓದಿ, ನಮ್ಮ ಕಡೆಯವರೇ ಸಿಕ್ಕರು, ಇನ್ನೇನು ಚಿಂತೆ ಎಂದು ಹಿಗ್ಗಿಹೋಗಿದ್ದೆ. ಮೊದಲ ದಿನವೇ ಒಳಗೆ ನುಗ್ಗಿ, “ನಮಸ್ಕಾರ್ರೀ ದೇಸಾಯರ, ಯಾವೂರಾಗಿನವ್ರು ತಾವು” ಎಂದು ಕೇಳಿಬಿಟ್ಟೆ. ಅವರು ಸೂರತ್ ಕಡೆಯ ಅಪ್ಪಟ ಗುಜರಾತಿ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು “ಯಸ್?” ಅಂದರು. ಅವತ್ತಿನಿಂದ ನಮ್ಮಿಬ್ಬರ ನಡುವೆ ಮಾತಿಗಿಂತ ಕಾಗದವೇ ಜಾಸ್ತಿ ಓಡಾಡಿತು. ಉಳಿದಂತೆ ಊರು ನಮಗೆ ಚೆನ್ನಾಗಿ ಒಗ್ಗಿತು. ನಮ್ಮಾಕೆ ಸಿಹಿ ಹಾಕಿದ ಬೇಳೆಯನ್ನು ಬೈಯುತ್ತ ಬೈಯುತ್ತ ಇಷ್ಟಪಡತೊಡಗಿದಳು. ಮಗಳು ಆರು ತಿಂಗಳಲ್ಲಿ ಗುಜರಾತಿ ಕಲಿತು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಗುಜರಾತಿಯಲ್ಲಿ ಉತ್ತರ ಕೊಡತೊಡಗಿದಳು.

ಫಾರ್ಮಿನಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಯಾವ ದೇಶದ್ದೆಂದು ಹೇಳುವ ತಗಡು ಎಂದೋ ಉದುರಿಹೋಗಿತ್ತು. ಅದರ ಡ್ರೈವರ್ ರಮಣ್‌ಭಾಯಿ. ಬಿಳಿ ಮೀಸೆ, ಬರಿಗಾಲು, ತಲೆಗೊಂದು ಟವೆಲು. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಯಾರಿಗೂ ಇಲ್ಲ ಅನ್ನಲಾರದ ಮನುಷ್ಯ. ಹೆಂಡತಿ ತೀರಿಕೊಂಡ ಮೇಲೆ ಟ್ರ್ಯಾಕ್ಟರ್ ಶೆಡ್ಡಿಗೆ ಅಂಟಿದ ಕೋಣೆಯಲ್ಲಿ ಒಬ್ಬನೇ ಇದ್ದ. ನಾನು ಅವನಿಗೆ ಹೆದರುತ್ತ ಹೆದರುತ್ತ ಒಂದು ಆಸೆ ಹೇಳಿಕೊಂಡಿದ್ದೆ. ನಮ್ಮ ಮನೆತನದಲ್ಲಿ ಏಳು ತಲೆಮಾರಿನವರು ಊರಿನ ಹೊಲಗಳನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟ ಕುಲಕರ್ಣಿಗಳು. ಒಬ್ಬರೂ ಒಂದು ಸಾಲು ಉತ್ತವರಲ್ಲ. ನನಗೆ ಒಂದೇ ಒಂದು ಸಾಲು, ಈ ತುದಿಯಿಂದ ಆ ತುದಿಗೆ ನೆಟ್ಟಗೆ ಹೊಡೆಯಬೇಕೆಂದು ಇತ್ತು. ರಮಣ್‌ಭಾಯಿ ಮೀಸೆಯಲ್ಲೇ ನಕ್ಕು, ನಾಳೆ ಬೆಳಿಗ್ಗೆ ಆರಕ್ಕೆ ಔಡಲದ ಆಚೆ ಕಡೆಗೆ ಬನ್ನಿ ಸಾಹೇಬ್ ಅಂದ.

ಹೀಗೆ ದೀಪಾವಳಿಯಿಂದ ಬೇಸಿಗೆಯವರೆಗೆ, ಆಳೆತ್ತರದ ಔಡಲ ಗಿಡಗಳ ಮರೆಯಲ್ಲಿ ನನ್ನ ಗುಟ್ಟಿನ ವಿದ್ಯಾಭ್ಯಾಸ ನಡೆಯಿತು. ನಾನು ಸೀಟಿನ ಮೇಲೆ, ಅವನು ಹಿಂಗಾಲಿಯ ಮಡ್‌ಗಾರ್ಡಿನ ಮೇಲೆ. ಹೆಡ್ ಕ್ಲರ್ಕ್ ಟ್ರ್ಯಾಕ್ಟರ್ ಮುಟ್ಟಬಾರದೆಂದು ನಿಯಮವಿತ್ತು. ಅದರ ಪ್ರತಿಯನ್ನು ಶೆಡ್ಡಿನ ಗೋಡೆಗೆ ಅಂಟಿಸಿದವನೂ ನಾನೇ. ಮನೆಯಲ್ಲಿ ವಾಕಿಂಗ್ ಎಂದು ಹೇಳಿದ್ದೆ. ಇಷ್ಟು ನಡೆದರೂ ಹೊಟ್ಟೆ ಯಾಕೆ ಇಳಿಯುವುದಿಲ್ಲ, ಅಂಗಿ ಯಾಕೆ ಡೀಸೆಲ್ ನಾರುತ್ತದೆ ಎಂದು ನಮ್ಮಾಕೆ ಎರಡು ಬಾರಿ ಕೇಳಿದ್ದಳು. ಮೊದಲನೆಯದಕ್ಕೆ ವಂಶದ ಗುಣ ಎಂದೆ, ಎರಡನೆಯದಕ್ಕೆ ಮಕರಪುರದ ಕಾರ್ಖಾನೆಗಳನ್ನು ಮುಂದೆ ಮಾಡಿದೆ. ಉತ್ತು ಮುಗಿದ ಮೇಲೆ ರಮಣ್‌ಭಾಯಿಯ ಕೋಣೆಯಲ್ಲಿ ಶುಂಠಿ ಹಾಕಿದ ಚಹ, ನಮ್ಮಾಕೆಯ ಡಬ್ಬಿಯಿಂದ ನಾನು ಜೇಬಿಗಿಳಿಸಿ ತಂದ ಎರಡು ಚಕ್ಕುಲಿ, ಅರ್ಧ ಹಿಂದಿ ಅರ್ಧ ಗುಜರಾತಿಯಲ್ಲಿ ಒಂದಿಷ್ಟು ಹರಟೆ. ಆ ಅರ್ಧ ತಾಸಿನಷ್ಟು ಸುಖವಾದ ಹೊತ್ತು ನನ್ನ ನೌಕರಿಯಲ್ಲಿ ಬೇರೆ ಇರಲಿಲ್ಲ.

ಮೇ ತಿಂಗಳಲ್ಲಿ ಕ್ಲಚ್ಚು ಜಾರತೊಡಗಿತು. ಟ್ರ್ಯಾಕ್ಟರಿನ ಒಳಗನ್ನು ಬಲ್ಲವರು ನನ್ನನ್ನು ಕ್ಷಮಿಸಬೇಕು, ನನಗೆ ತಿಳಿದಷ್ಟು ಹೇಳುತ್ತೇನೆ. ಎಂಜಿನ್ನಿಗೂ ಗಾಲಿಗೂ ನಡುವೆ ಒಂದು ತಟ್ಟೆ ಇರುತ್ತದೆ. ಎಡಗಾಲಿನಿಂದ ಪೆಡಲ್ ತುಳಿದರೆ ತಟ್ಟೆ ಎಂಜಿನ್ನನ್ನು ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ತಟ್ಟೆ ಸವೆದರೆ ಹಿಡಿದಂತೆ ಮಾಡಿ ಜಾರುತ್ತದೆ. ಕಾಲುವೆಯ ಏರಿ ಹತ್ತುವಾಗ ಎಂಜಿನ್ನು ಊರಿಗೆಲ್ಲ ಕೇಳುವಂತೆ ಅಬ್ಬರಿಸುತ್ತಿತ್ತು, ಗಾಡಿ ಮಾತ್ರ ನಿಂತಲ್ಲೇ ನಿಂತಿರುತ್ತಿತ್ತು. ನಮ್ಮ ಕಚೇರಿಯ ಕೆಲಸವನ್ನು ದಿನವೂ ನೋಡುತ್ತಿದ್ದ ನನಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಿಲ್ಲ. ಆದರೆ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಮರೆತಂಥ ವಾಸನೆ ಹೊಲದ ತುಂಬ ಹರಡಿದಾಗ ರಮಣ್‌ಭಾಯಿಯ ಮುಖ ಸಣ್ಣದಾಯಿತು. ಮಳೆಗೆ ಮುಂಚೆ ಇಡೀ ಹೊಲ ಹರಗಿ ಹತ್ತಿಗೆ ತಯಾರು ಮಾಡಬೇಕಿತ್ತು. ಅವನು ಪೆಡಲಿನ ಸರಳನ್ನು ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ನಾನೂ ನನ್ನ ತಲೆ ಓಡಿಸಿದೆ. ಜಿಡ್ಡಿನ ಪಾತ್ರೆಗೆ ಬೂದಿ ಹಾಕಿದರೆ ಕೈಗೆ ಹಿಡಿತ ಸಿಗುತ್ತದಲ್ಲ, ಕ್ಲಚ್ಚಿಗೂ ಯಾಕೆ ಹಾಕಬಾರದು ಎಂದು ಮನೆಯ ಒಲೆಯಿಂದ ಒಂದು ಪೊಟ್ಟಣ ಬೂದಿ ಒಯ್ದು ಕೊಟ್ಟೆ. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು, ಬಹಳ ಒಳ್ಳೆಯ ಉಪಾಯ ಸಾಹೇಬ್ ಅಂದ. ಆ ಬೂದಿಯಲ್ಲಿ ಅವನು ಚಹದ ಪಾತ್ರೆ ತಿಕ್ಕುತ್ತಿದ್ದುದನ್ನು ಮುಂದೊಂದು ದಿನ ಕಣ್ಣಾರೆ ಕಂಡೆ.

ಕೊನೆಗೆ ಮಕರಪುರದ ಒಂದು ವರ್ಕ್‌ಶಾಪಿನಿಂದ ಕಾನ್ಜಿ ಮಿಸ್ತ್ರಿ ಬಂದ. ಕ್ಲಚ್ಚು ನೋಡಬೇಕಾದರೆ ಟ್ರ್ಯಾಕ್ಟರನ್ನು ನಡು ಮುರಿದು ಎರಡು ಭಾಗ ಮಾಡಬೇಕಂತೆ. ಮಾಡಿದ. ಎಂಜಿನ್ನು ಒಂದು ಕಡೆ, ದೊಡ್ಡ ಗಾಲಿಗಳು ಒಂದು ಕಡೆ, ಎರಡರ ಕೆಳಗೂ ಮರದ ದಿಮ್ಮಿ. ಅದನ್ನು ನೋಡಿ ನಮ್ಮ ಮಗಳು ಶಾಲೆಯ ಗೆಳತಿಯರನ್ನೆಲ್ಲ ಕರೆತಂದಳು. ಮಿಸ್ತ್ರಿ ತಟ್ಟೆಯನ್ನು ಹೊರಗೆ ತೆಗೆದು ದೇಸಾಯಿ ಸಾಹೇಬರ ಮುಂದೆ ಹಿಡಿದ. ಮೇಲಿನ ಪಟ್ಟಿ ಪೂರಾ ಸವೆದು ರಿವೆಟ್ಟುಗಳು ಹಲ್ಲು ಕಿರಿಯುತ್ತಿದ್ದವು. ಪೆಡಲಿಗೆ ತಾಗುವ ಬೇರಿಂಗು ಸುಟ್ಟು ನೀಲಿಯಾಗಿತ್ತು. ಈ ತಟ್ಟೆ ಹಾಕಿ ಒಂದು ವರ್ಷವಷ್ಟೇ ಆಗಿದೆ, ಇದು ವಯಸ್ಸಿನಿಂದ ಸವೆದದ್ದಲ್ಲ ಎಂದ ಮಿಸ್ತ್ರಿ. ಯಾರೋ ಗಾಡಿ ಓಡಿಸುವಾಗಲೆಲ್ಲ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಕೂತಿರುತ್ತಾರೆ, ತಟ್ಟೆ ಅತ್ತ ಬಿಡದೆ ಇತ್ತ ಹಿಡಿಯದೆ ಉರಿದುಹೋಗಿದೆ ಎಂದು ಅವನು ಹೇಳಿದ. ಎಲ್ಲರೂ ರಮಣ್‌ಭಾಯಿಯ ಕಾಲು ನೋಡಿದರು. ನಾನೂ ನೋಡಿದೆ. ಅವನು ತಟ್ಟೆಯನ್ನೇ ನೋಡುತ್ತಿದ್ದ.

ಮಧ್ಯಾಹ್ನಕ್ಕೆ ದೇಸಾಯಿ ಸಾಹೇಬರು ನೋಟೀಸು ತಯಾರು ಮಾಡಲು ಹೇಳಿದರು. ಇಲ್ಲಿ ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ಫಾರ್ಮಿನಲ್ಲಿ ಇಂಗ್ಲಿಷ್ ಕಾಗದ ಬರೆಯಬಲ್ಲವನು ನಾನೊಬ್ಬನೇ. ಆದ್ದರಿಂದ ಸಾಹೇಬರ ಪರವಾಗಿ ನೋಟೀಸು ಬರೆಯುವವನೂ ನಾನೇ, ನೋಟೀಸು ತೆಗೆದುಕೊಂಡವನ ಪರವಾಗಿ ಸಮಜಾಯಿಷಿ ಬರೆಯುವವನೂ ನಾನೇ, ಆ ಸಮಜಾಯಿಷಿ ಸರಿಯೋ ತಪ್ಪೋ ಎಂದು ಸಾಹೇಬರಿಗೆ ಟಿಪ್ಪಣಿ ಇಡುವವನೂ ನಾನೇ. ಇದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ಸೋಮವಾರ ನಾನು ರಮಣ್‌ಭಾಯಿಯ ಅಕ್ಷಮ್ಯ ನಿರ್ಲಕ್ಷ್ಯವನ್ನು ಖಂಡಿಸಿ ನೋಟೀಸು ಬರೆದೆ. ಮಂಗಳವಾರ ಅವನು ಅದನ್ನು ತಂದು ನನ್ನ ಕೈಗೇ ಕೊಟ್ಟ. ಅವನ ಪರವಾಗಿ ಕಪ್ಪು ಮಣ್ಣಿನ ಜಿಗುಟು, ತಟ್ಟೆಯ ಕಳಪೆ ಗುಣ, ಬೇಸಿಗೆಯ ಉಷ್ಣ ಎಲ್ಲವನ್ನೂ ಎಳೆದು ತಂದು ಏಳು ಪ್ಯಾರಾದ ಸಮಜಾಯಿಷಿ ಬರೆದು, ಅವನ ಹೆಬ್ಬೆಟ್ಟು ಒತ್ತಿಸಿಕೊಂಡೆ. ಬುಧವಾರ ಅದನ್ನು ಓದಲು ಕೂತೆ. ಮೂರನೇ ಪ್ಯಾರಾದಲ್ಲಿ ಒಂದು ತೂತು ಕಂಡಿತು. ಕಪ್ಪು ಮಣ್ಣು ಹೋದ ವರ್ಷವೂ ಇತ್ತಲ್ಲ? ಅಲ್ಲಿಂದ ನನ್ನ ಪೆನ್ನಿಗೆ ಹುರುಪು ಬಂತು. ಒಂದೊಂದೇ ಪ್ಯಾರಾ ಹಿಡಿದು ಸೀಳಿದೆ. ಯಾರು ಬರೆದ ಸಮಜಾಯಿಷಿ, ಯಾರ ಹೊಟ್ಟೆಯ ಪ್ರಶ್ನೆ ಎಂಬುದು ಆ ಹೊತ್ತಿಗೆ ತಲೆಯಲ್ಲಿ ಇರಲೇ ಇಲ್ಲ. ಟಿಪ್ಪಣಿಗೆ ಫುಲ್‌ಸ್ಟಾಪ್ ಹಾಕಿದಾಗ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಟಿಪ್ಪಣಿ ಎಷ್ಟು ಚೆನ್ನಾಗಿತ್ತೆಂದರೆ ದೇಸಾಯಿ ಸಾಹೇಬರಿಗೆ ಬೇರೆ ದಾರಿಯೇ ಉಳಿಯಲಿಲ್ಲ. ಅಹಮದಾಬಾದಿನ ಹೆಡ್ಡಾಫೀಸಿನಿಂದ ಬೇರೆ ಡ್ರೈವರ್ ತರಿಸುವುದು, ರಮಣ್‌ಭಾಯಿಯನ್ನು ಸೂರತ್ತಿನ ಉಧ್ನಾದಲ್ಲಿರುವ ನಮ್ಮ ಗೋದಾಮಿಗೆ ಚೌಕಿದಾರನಾಗಿ ಕಳಿಸುವುದು ಎಂದು ತೀರ್ಮಾನಿಸಿದರು. ಆರ್ಡರ್ ಟೈಪ್ ಮಾಡಿದವನೂ ನಾನೇ. ಮರುದಿನ ಹನ್ನೊಂದಕ್ಕೆ ಸಹಿ ಆಗಬೇಕಿತ್ತು. ಸಂಜೆ ರಮಣ್‌ಭಾಯಿ ಬಾಗಿಲಿಗೆ ಬಂದು, ಕಾಗದದಲ್ಲಿ ಏನಿದೆ ಸಾಹೇಬ್ ಎಂದು ಕೇಳಿದ. ಹೇಳಿದೆ. ಅವನು ಟವೆಲನ್ನು ಕೈಗೆ ಸುತ್ತುತ್ತ ನಿಂತ. ನನ್ನ ಮೇಲೆ ಸಿಟ್ಟಾಗಿದ್ದರೆ ಸಮಾಧಾನವಾಗುತ್ತಿತ್ತು. ಅವನು ಕೇಳಿದ್ದು ಒಂದೇ.

“ಉಧ್ನಾದಲ್ಲಿ ಟ್ರ್ಯಾಕ್ಟರ್ ಇದೆಯಾ ಸಾಹೇಬ್?”

ಇಲ್ಲ, ಚೀಲಗಳಿವೆ, ಪಕ್ಕದಲ್ಲಿ ರೈಲಿನ ಜಂಕ್ಷನ್ ಇದೆ ಎಂದೆ. ಅಚ್ಛಾ ಅಂದು ಹೋದ. ಅವನದೇ ಕಾಲಲ್ಲವೇ, ನಾನೇನು ಮಾಡಲಿ ಎಂದು ಸಮಾಧಾನ ಹೇಳಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ನನಗೆ ಕೂರಲು ಇಷ್ಟವಾದ ಜಾಗ ನಮ್ಮಾಕೆಯ ಹೊಲಿಗೆ ಮಷೀನಿನ ಮುಂದಿನ ಸ್ಟೂಲು. ಕಿಟಕಿಯ ಬೆಳಕು ಅಲ್ಲೇ ಚೆನ್ನಾಗಿ ಬೀಳುತ್ತದೆ. ಅಂದೂ ಪೇಪರ್ ಹಿಡಿದು ಅಲ್ಲೇ ಕೂತೆ. ಮಗಳಿಗೆ ಲಂಗ ಹೊಲಿಯಲು ಬಟ್ಟೆ ಕತ್ತರಿಸಿಕೊಂಡು ಬಂದ ನಮ್ಮಾಕೆ ಒಂದು ಕ್ಷಣ ನಿಂತು ನನ್ನನ್ನೇ ನೋಡಿದಳು.

“ರೀ, ಕಾಲು ತಗೀರಿ. ಎಷ್ಟು ಸಲ ಹೇಳ್ಬೇಕು? ನೀವು ಎಲ್ಲಿ ಕುಂತ್ರೂ ಕಾಲಿನ ಕೆಳಗ ಏನಾರ ತುಳೀಲಿಕ್ಕೆ ಬೇಕು. ಹೋದ ತಿಂಗಳ ಬೆಲ್ಟ್ ಹರದ್ರಿ, ಮೊನ್ನೆ ಸೂಜಿ ಮುರದ್ರಿ.”

ಕೆಳಗೆ ನೋಡಿದೆ. ನನ್ನ ಎಡಗಾಲು ಮಷೀನಿನ ಪೆಡಲಿನ ಮೇಲೆ ಆರಾಮಾಗಿ ಕೂತಿತ್ತು. ನಾನು ಇಟ್ಟದ್ದಲ್ಲ, ಅದೇ ಹೋಗಿ ಕೂತಿತ್ತು. ಬರಿಗಾಲಿನಲ್ಲಿ ಓಡಿಸುವ ರಮಣ್‌ಭಾಯಿ ಗೇರ್ ಹಾಕಿದ ಕೂಡಲೇ ಎಡಗಾಲನ್ನು ದೂರ ಸರಿಸಿ ನೆಲತಗಡಿನ ಮೇಲೆ ಚಾಚುತ್ತಿದ್ದುದು ಆಗ ಕಣ್ಣಿಗೆ ಕಟ್ಟಿತು. ದೀಪಾವಳಿಯಿಂದ ದಿನವೂ ಅರ್ಧ ತಾಸು ನನ್ನ ಕಾಲು ಎಲ್ಲಿತ್ತು? ಪೇಪರ್ ಮಡಿಚಿಟ್ಟೆ. ಏನಾಯಿತೆಂದು ನಮ್ಮಾಕೆ ಗಾಬರಿಯಿಂದ ಕೇಳಿದಳು. ವಾಕಿಂಗಿನಿಂದ ಹಿಡಿದು ಚಕ್ಕುಲಿಯವರೆಗೆ ಎಲ್ಲ ಹೇಳಿಬಿಟ್ಟೆ. ಆಕೆ ಬೈಯುತ್ತಾಳೆ ಅಂದುಕೊಂಡಿದ್ದೆ. ಬಟ್ಟೆಯನ್ನು ಮಷೀನಿನ ಮೇಲಿಟ್ಟು, ಆ ಮುದುಕಪ್ಪ ಉಧ್ನಾಕ್ಕೆ ಹೋದರೆ ನಿಮಗೆ ಅನ್ನ ಹೇಗೆ ಇಳಿಯುತ್ತದೆ ನೋಡುತ್ತೇನೆ ಅಂದಳು. ಅಷ್ಟೇ ಅಂದದ್ದು.

ಮರುದಿನ ಹತ್ತಕ್ಕೇ ದೇಸಾಯಿ ಸಾಹೇಬರ ಮುಂದೆ ನಿಂತೆ. ಕೈಯಲ್ಲಿ ಕಾಗದವಿಲ್ಲದೆ ಅವರ ಕೋಣೆಗೆ ಹೋದದ್ದು, ಆ ನಮಸ್ಕಾರದ ದಿನ ಬಿಟ್ಟರೆ ಅದೇ ಮೊದಲು. ಕಾಲು ನನ್ನದು ಸರ್ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಎಷ್ಟು ದಿನದಿಂದ ಎಂದು ಕೇಳಿದರು. ಯಾವ ಗೇರಿನಲ್ಲಿ ಎಂದು ಕೇಳಿದರು. ಸೆಕೆಂಡ್ ಗೇರಿನಲ್ಲಿ ಎಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಬೇರೇನೋ ಹಾದುಹೋಯಿತು. “ನಾನು ಇಲ್ಲಿಗೆ ಬಂದು ಒಂಬತ್ತು ವರ್ಷವಾಯಿತು, ನನಗೆ ಒಂದು ಸಲವೂ ಹತ್ತಿ ಕೂತುಕೊಳ್ಳಿ ಎಂದು ಅವನು ಹೇಳಿಲ್ಲ” ಎಂದರು. ಆಮೇಲೆ ಸೂಪರಿಂಟೆಂಡೆಂಟರಾಗಿ, ಹನ್ನೊಂದರ ಒಳಗೆ ಬರವಣಿಗೆಯಲ್ಲಿ ಸಮಜಾಯಿಷಿ ಕೊಡಿ, ಅದನ್ನು ನೋಡಿ ಆರ್ಡರಿನ ವಿಚಾರ ಮಾಡುತ್ತೇನೆ ಎಂದರು.

ಟೈಪ್‌ರೈಟರ್ ಮುಂದೆ ಕೂತೆ. ಇಪ್ಪತ್ತು ವರ್ಷ ಮಾಲಿಯಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಸಮಜಾಯಿಷಿ ಬರೆದುಕೊಟ್ಟವನಿಗೆ ತನ್ನದೊಂದು ಬರೆಯಲು ಬರಲಿಲ್ಲ. ಮೊದಲ ಹಾಳೆಯಲ್ಲಿ ಕಾಲು ಪೆಡಲಿನ ಮೇಲೆ ಇರುವುದು ಕಂಡುಬಂದಿದೆ ಎಂದು ಬರೆದೆ, ಕಾಲು ಯಾರದೆಂದು ಬರೆಯಲು ಕೈ ಏಳಲಿಲ್ಲ. ಎರಡನೆಯದರಲ್ಲಿ ಕಪ್ಪು ಮಣ್ಣು ಮತ್ತೆ ಬಂತು. ಮೂರನೆಯದು ಸರಾಗವಾಗಿ ಹೋಯಿತು, ಬಹಳ ಚೆನ್ನಾಗಿಯೂ ಇತ್ತು. ಆದರೆ ಓದಿ ನೋಡಿದರೆ ಕಲಿಸಿದವನ ಮೇಲ್ವಿಚಾರಣೆಯ ಕೊರತೆ ಎಂದು ತಪ್ಪು ಮತ್ತೆ ರಮಣ್‌ಭಾಯಿಯ ತಲೆಗೇ ಹೋಗಿ ಕೂತಿತ್ತು. ಮೂರನ್ನೂ ಹರಿದು ಬುಟ್ಟಿಗೆ ಹಾಕಿದೆ. ಗಡಿಯಾರದಲ್ಲಿ ಹನ್ನೊಂದಕ್ಕೆ ಕಾಲು ಗಂಟೆ ಇತ್ತು. ತಲೆ ಎತ್ತಿದರೆ ಬಾಗಿಲಲ್ಲಿ ರಮಣ್‌ಭಾಯಿ, ಶೆಡ್ಡಿನ ಕೀಲಿ ಒಪ್ಪಿಸಲು ಬಂದಿದ್ದ. ಕೂರಲು ಹೇಳಿ ನಡೆದದ್ದನ್ನು ತಿಳಿಸಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ನಿನಗೆ ಗೊತ್ತಿತ್ತೇನು?” ಎಂದೆ.

“ಮೊದಲ ದಿನದಿಂದಲೇ ಸಾಹೇಬ್.”

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವನು ಕೀಲಿಯನ್ನು ಮೇಜಿನ ಮೇಲಿಟ್ಟು, ಓದಿದವರಿಗೆ ಕಾಲು ತೆಗೆಯಿರಿ ಎಂದು ಹೇಗೆ ಹೇಳುವುದು ಎಂದ. “ಹೇಳಿದ್ದರೆ ನೀವು ಮಾರನೇ ದಿನ ಬರುತ್ತಿರಲಿಲ್ಲ. ಬೆಳಿಗ್ಗೆ ಒಬ್ಬನೇ ಚಹ ಕುಡಿಯುವುದು ಕಷ್ಟ” ಎಂದ. ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು ಟೈಪ್‌ರೈಟರಿಗೆ ಹೊಸ ಹಾಳೆ ಏರಿಸುವ ನೆಪ ಮಾಡಿದೆ. ಏರಿಸಿದ ಹಾಳೆ ಹಾಗೇ ಖಾಲಿ ನಿಂತಿತು. ರಮಣ್‌ಭಾಯಿ ಅದನ್ನು ನೋಡಿದ, ನನ್ನನ್ನು ನೋಡಿದ, ಸ್ಟೂಲನ್ನು ಹತ್ತಿರ ಎಳೆದುಕೊಂಡ.

“ಹುಂ ಬೋಲುಂ, ತಮೇ ಲಖೋ” ಅಂದ. ನಾನು ಹೇಳುತ್ತೇನೆ, ನೀವು ಬರೆಯಿರಿ.

ಅವನು ನಾನೇ ಹೇಳುತ್ತಿರುವ ಹಾಗೆ ನಿಧಾನವಾಗಿ ಹೇಳಿದ, ನಾನು ಇಂಗ್ಲಿಷಿಗೆ ತಿರುಗಿಸುತ್ತ ಬರೆದೆ. ನನಗೆ ಹೊಲ ಉಳುವ ಆಸೆ ಇತ್ತು. ರಮಣ್ ಕಲಿಸಿದ. ನಾನು ಕಾಲನ್ನು ಪೆಡಲಿನ ಮೇಲೆ ಇಟ್ಟೆ, ಅವನು ಸಂಕೋಚದಿಂದ ತೆಗೆಯಿರಿ ಅನ್ನಲಿಲ್ಲ, ಅದರಿಂದ ಕ್ಲಚ್ಚು ಹೋಯಿತು. ಹೊಸ ತಟ್ಟೆ ಹಾಕಿದರೆ ರಮಣ್ ಮಳೆಗೆ ಮುಂಚೆ ಹೊಲ ಮುಗಿಸುತ್ತಾನೆ. ಅಷ್ಟೇ. ಇನ್ನೇನಾದರೂ ಸೇರಿಸೋಣವೇ, ಕೊನೆಗೆ ವಿನಯಪೂರ್ವಕವಾಗಿ ಅಂತ ಏನಾದರೂ ಎಂದು ಕೇಳಿದೆ. ಆದದ್ದು ಇಷ್ಟೇ ಅಲ್ಲವಾ ಸಾಹೇಬ್ ಎಂದ. ಕೆಳಗೆ ಸಹಿ ಹಾಕಿ ಒಳಗೆ ತೆಗೆದುಕೊಂಡು ಹೋದೆ.

ದೇಸಾಯಿ ಸಾಹೇಬರು ಓದಿದರು. ಮತ್ತೊಮ್ಮೆ ಓದಿದರು. ಉಧ್ನಾದ ಆರ್ಡರನ್ನು ತೆಗೆದು ನಾಲ್ಕು ಚೂರು ಮಾಡಿದರು. ತಟ್ಟೆಗೆ ಇವತ್ತೇ ಮಿಸ್ತ್ರಿಗೆ ಹೇಳಿ ಕಳಿಸಿ ಎಂದರು. ಟ್ರ್ಯಾಕ್ಟರಿನ ಹತ್ತಿರ ಹೆಡ್ ಕ್ಲರ್ಕ್ ಕಾಣಿಸಕೂಡದು ಎಂದು ಕಾಗದದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದರು. ನಾನು ಬದುಕಿದೆ ಅಂದುಕೊಂಡು ಹೊರಡುವಷ್ಟರಲ್ಲಿ ಕರೆದರು. ಈ ಕಚೇರಿಗೆ ಬಂದಾಗಿನಿಂದ ಒಂದೇ ಸಲ ಓದಿ ಅರ್ಥವಾದ ಕಾಗದ ಇದೊಂದೇ ಎಂದರು. ಒಂದೂ ಹೆಚ್ಚಿನ ಮಾತಿಲ್ಲ, ಇಂಥ ಬರವಣಿಗೆ ಅಪರೂಪ ಎಂದರು. ಬಾಗಿಲಾಚೆ ರಮಣ್‌ಭಾಯಿ ಮೇಜಿನ ಮೇಲಿಂದ ಎತ್ತಿಕೊಂಡ ಕೀಲಿ ಹಿಡಿದು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ.

“ಪೂರ್ತಿ ನೀವೇ ಬರೆದಿರಾ?” ಎಂದು ಕೇಳಿದರು ದೇಸಾಯಿ ಸಾಹೇಬರು.

ಆರು ತಿಂಗಳ ಗುಟ್ಟನ್ನೆಲ್ಲ ಒಪ್ಪಿಕೊಂಡು ಆಗಷ್ಟೇ ಹಗುರಾಗಿ ನಿಂತಿದ್ದ ನಾನು, “ಹೌದು ಸರ್” ಅಂದೆ.